ಬೇಡಪ್ಪನ ಕಪ್ಪು ಗುಂಡಿ

ಮೋಸ ಮಾಡುವಾಗ ಕೈ ನಡುಗಬಾರದು. ಟೈಲರಮ್ಮನ ಕೈ ನಡುಗಲಿಲ್ಲ. ಇಪ್ಪತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ಅದು. ಆರು ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಐದಕ್ಕೆ ಒಂದು ಬಿಳಿ, ಒಂದು ಕಪ್ಪು ಗುಂಡಿ ಹಾಕಿದಳು. ಆರನೆಯದಕ್ಕೆ ಎರಡೂ ಬಿಳಿ. ಅದರ ಮೇಲೆ ‘ಚಪ್ಪಲಿ ಅಂಗಡಿ’ ಎಂದು ಬರೆದಳು. ಇದು ನಡೆದದ್ದೇ, ಗುಂಡಿಯಷ್ಟೂ ಸುಳ್ಳು ಸೇರಿಸಿಲ್ಲ.

ಪೇಟೆ ಬೀದಿಯ ವರ್ತಕರ ಸಂಘದಲ್ಲಿ ಆರೇ ಜನ. ಊರಿನ ಮೆರವಣಿಗೆ ನಡೆಸಬೇಕೋ ಬೇಡವೋ ಎಂದು ವರ್ಷಕ್ಕೊಮ್ಮೆ ಗುಂಡಿ ಹಾಕಿ ತೀರ್ಮಾನಿಸುತ್ತಾರೆ. ಬಿಳಿ ಎಂದರೆ ಬೇಕು, ಕಪ್ಪು ಎಂದರೆ ಬೇಡ. ಒಬ್ಬೊಬ್ಬರಿಗೂ ಎರಡು ಬಣ್ಣದ ಒಂದೊಂದು ಗುಂಡಿಯ ಪೊಟ್ಟಣ ಕಟ್ಟಿಕೊಡುವುದು ಟೈಲರಮ್ಮನ ಕೆಲಸ. ಮುಷ್ಟಿಯಲ್ಲಿ ಮುಚ್ಚಿಕೊಂಡು ಒಂದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಇನ್ನೊಂದು ಜೇಬಿನಲ್ಲೇ ಮನೆಗೆ ಹೋಗಬೇಕು. ಅರ್ಧ ದಿನ ಬೀದಿಯಿಡೀ ಬಾಗಿಲು ಹಾಕಬೇಕಾದ್ದರಿಂದ, ಒಬ್ಬರು ಒಲ್ಲೆ ಎಂದರೂ ಮೆರವಣಿಗೆ ಇಲ್ಲ. ಅಧ್ಯಕ್ಷರು ಒಂದೊಂದೇ ಗುಂಡಿ ಹೊರತೆಗೆಯುತ್ತಾರೆ. ಮೊದಲ ಕಪ್ಪು ಕಂಡ ಕೂಡಲೇ ಮುಚ್ಚಳ. ಉಳಿದದ್ದು ಎಣಿಸದೆ ಕಸದ ಬುಟ್ಟಿಗೆ. ಅಕ್ಕಪಕ್ಕದ ಅಂಗಡಿಯವರ ಮನಸ್ಸು ಕೆಡಬಾರದೆಂದು ಹಿರಿಯರು ಮಾಡಿಟ್ಟ ನಿಯಮ.

ನಾಲ್ಕು ವರ್ಷದಿಂದ ಕಪ್ಪು ಬರುತ್ತಿತ್ತು. ಡಬ್ಬಿಗೆ ಕೈ ಹಾಕಿದ ತಕ್ಷಣ ಬರುತ್ತಿತ್ತು. ಹಾಕಿದವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಚಪ್ಪಲಿ ಅಂಗಡಿಯವನು ಟೀ ಕೊಟ್ಟರೆ ಬೇಡ, ಫ್ಯಾನು ಹಾಕಿದರೆ ಬೇಡ, ಕೂತುಕೊಳ್ಳಿ ಎಂದರೆ ಕುರ್ಚಿಯೂ ಬೇಡ ಎನ್ನುವ ಆಸಾಮಿ. ಬೀದಿಗೆಲ್ಲ ಅವನು ಬೇಡಪ್ಪ. ಅವನಿಗೊಂದು ಹಳೆಯ ಕಂದು ಕೋಟು. ಅದರ ಗುಂಡಿಗಳು ಉದುರಿದ ಜಾಗದಲ್ಲಿ ವರ್ಷಕ್ಕೊಂದರಂತೆ ಸಂಘದ ಕಪ್ಪು ಗುಂಡಿಯನ್ನೇ, ಬೂಟು ಹೊಲಿಯುವ ದಪ್ಪ ದಾರದಲ್ಲಿ ಹೊಲಿದುಕೊಂಡಿದ್ದ. ಈಗ ನಾಲ್ಕಾಗಿದ್ದವು. ಕೆಳಗಿನ ಒಂದು ಜಾಗ ಖಾಲಿ.

“ನೋಡ್ರೀ, ಪದಕದ ಹಾಗೆ ಹಾಕ್ಕೊಂಡು ಓಡಾಡ್ತಾನೆ,” ಎನ್ನುತ್ತಿದ್ದಳು ಟೈಲರಮ್ಮ. ಆಮೇಲೆ ಕತ್ತು ಒಳಗೆಳೆದುಕೊಂಡು, ಮೂಗಿನಲ್ಲಿ “ಬೇ…ಡ” ಎಂದರೆ ಬೀದಿನಾಯಿ ಕೂಡ ಚಪ್ಪಲಿ ಅಂಗಡಿಯ ಕಡೆ ತಿರುಗುತ್ತಿತ್ತು.

ಆದರೆ ಈ ವರ್ಷ ಅಣಕಿಸಿ ನಕ್ಕರೆ ಸಾಲದಾಗಿತ್ತು. ನಾಲ್ಕು ವರ್ಷದ ಹಿಂದೆ ಶಾಲೆಯ ಬ್ಯಾಂಡಿಗೆಂದು ಅವಳು ಕೆಂಪು ಕೋಟುಗಳನ್ನು ಹೊಲಿದಿದ್ದಳು. ಮುಂದಿನ ಸಾಲಿನಲ್ಲಿ ಡೋಲು ಬಾರಿಸುವವಳು ಅವಳ ಮಗಳೇ. ಮೆರವಣಿಗೆ ನಿಂತಿತು, ಮಗಳು ನಿಲ್ಲಲಿಲ್ಲ, ಬೆಳೆದಳು. ಒಳಗೆ ಮಡಚಿದ್ದ ಬಟ್ಟೆಯನ್ನು ವರ್ಷವರ್ಷವೂ ಬಿಚ್ಚಿ ತೋಳು ಉದ್ದ ಮಾಡಿದ್ದಾಯಿತು. ಇನ್ನು ಬಿಚ್ಚಲು ಬಟ್ಟೆಯಿಲ್ಲ. ಮುಂದಿನ ವರ್ಷ ಮಗಳು ಆ ಶಾಲೆಯಲ್ಲೇ ಇರುವುದಿಲ್ಲ.

“ಅಮ್ಮಾ, ಈ ಸಲ ಆದ್ರೂ ಇದನ್ನ ಹಾಕ್ಕೊಂಡು ಬೀದೀಲಿ ನಡೀತೀನಾ?” ಎಂದು ಬೆಳಿಗ್ಗೆ ಕನ್ನಡಿಯ ಮುಂದೆ ಕೇಳಿದ್ದಳು.

“ನಡೀತೀಯ. ಉಸಿರು ಮಾತ್ರ ಜಾಸ್ತಿ ಎಳ್ಕೋಬೇಡ.”

ಮಧ್ಯಾಹ್ನ ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳ ನಡುವೆ ಸಭೆ. ಅಧ್ಯಕ್ಷರಾದ ಬೇಕರಿಯವರು ಎದ್ದು ನಿಂತರು. ಅಂಗಿ ಹಳೆಯದು, ಹೊಟ್ಟೆಯ ಭಾರ ತಡೆಯುತ್ತಿದ್ದ ನಾಲ್ಕು ಬಿಳಿ ಗುಂಡಿಗಳು ಮಾತ್ರ ಹೊಸವು.

“ಮೆರವಣಿಗೆ ಅಂದ್ರೆ ನನಗೆ ಪ್ರಾಣ. ಆದ್ರೆ ಯಾರೋ ಒಬ್ಬರು…” ಎಂದು ಬೇಡಪ್ಪನ ಕಡೆ ನೋಡಿದರು.

“ಎಂಥಾ ಕಲ್ಲು ಮನಸ್ಸೋ,” ಎಂದು ಔಷಧಿ ಅಂಗಡಿಯವರು ನಿಟ್ಟುಸಿರು ಬಿಟ್ಟರು. ಗಡಿಯಾರ ರಿಪೇರಿಯವರೂ ಪುಸ್ತಕದಂಗಡಿಯವರೂ ತಲೆಯಾಡಿಸಿದರು.

“ಟೀ ತಗೊಳ್ಳಿ ಅಣ್ಣಾ,” ಎಂದಳು ಟೈಲರಮ್ಮ.

“ಬೇಡ,” ಎಂದ ಬೇಡಪ್ಪ.

ಪೊಟ್ಟಣ ಬಿಚ್ಚಿದ. ಒಳಗೆ ನೋಡಿದ. ಅವಳನ್ನು ನೋಡಿದ. ಮತ್ತೆ ಒಳಗೆ ನೋಡಿದ. ಟೈಲರಮ್ಮ ಚಾವಣಿಯ ಜೇಡರಬಲೆಯನ್ನು ಶ್ರದ್ಧೆಯಿಂದ ನೋಡತೊಡಗಿದಳು. ಅವನು ದೂರುವ ಹಾಗೂ ಇರಲಿಲ್ಲ. ‘ನನಗೆ ಕಪ್ಪು ಕೊಟ್ಟಿಲ್ಲ’ ಎಂದರೆ ಮತದ ಗುಟ್ಟು ರಟ್ಟು. ಎಲ್ಲರೂ ಹಾಕಿಯಾದ ಮೇಲೆ ಎದ್ದುಹೋಗಿ ಡಬ್ಬಿಯೊಳಗೆ ಮುಷ್ಟಿ ಬಿಚ್ಚಿದ.

ಬೇಕರಿಯವರು ಎಂದಿನಂತೆ ಡಬ್ಬಿಗೆ ಕೈ ಹಾಕಲು ಹೊರಟರು.

“ಇಲ್ಲಿ ಕೊಡಿ,” ಎಂದು ಟೈಲರಮ್ಮ ಅದನ್ನು ಕಿತ್ತುಕೊಂಡಳು. ಒಳಗಿರುವುದೆಲ್ಲ ಬಿಳಿ ಎಂಬ ಧೈರ್ಯ. ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ಕುಣಿದವು, ಉರುಳಿದವು, ಮಲಗಿದವು.

ಬಿಳಿ ಎರಡು. ಕಪ್ಪು ನಾಲ್ಕು.

ಅಭ್ಯಾಸಬಲದಿಂದ ಎಲ್ಲರೂ ಬೇಡಪ್ಪನ ಕಡೆ ತಿರುಗಿದರು. ಆದರೆ ಒಬ್ಬನೇ ಮನುಷ್ಯ ನಾಲ್ಕು ಗುಂಡಿ ಹಾಕಲಾರ. ಒಂದು ಬಿಳಿ ತನ್ನದು, ಯೋಚಿಸಿದಳು ಟೈಲರಮ್ಮ. ಇನ್ನೊಂದು ತಾನೇ ಉಪಾಯ ಮಾಡಿ ಬೇಡಪ್ಪನಿಂದ ಹಾಕಿಸಿದ್ದು. ಮಿಕ್ಕವರು ನಾಲ್ವರು. ಆ ನಾಲ್ವರೂ ಈಗ ಮೈದಾ ಮೂಟೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ಗುಂಡಿ ಸಾಕು, ಕೈ ಎತ್ತಿ ಹೇಳೋಣ,” ಎಂದಳು. ಆಮೇಲೆ ಹೊಟ್ಟೆ ಮುಂದೆ ಮಾಡಿ, ಬೇಕರಿಯವರದೇ ಗಂಟಲಿನಲ್ಲಿ: “ಮೆರವಣಿಗೆ ಅಂದ್ರೆ ಯಾರ್ಯಾರಿಗೆ ಪ್ರಾಣ?”

ಬೇಕರಿಯವರ ಕೈಯೇ ಮೊದಲು ಮೇಲೆ ಹೋಯಿತು. ಔಷಧಿ, ಗಡಿಯಾರ, ಪುಸ್ತಕ ಹಿಂಬಾಲಿಸಿದವು. ಟೈಲರಮ್ಮನದು ಎತ್ತಿಯೇ ಇತ್ತು, ಕೊನೆಗೆ ಕಂದು ಕೋಟಿನ ತೋಳೂ ಮೇಲೆದ್ದಿತು. ಕೆಂಪು ಕೋಟು ಬೀದಿಗಿಳಿಯುವುದು ಖಾಯಂ ಆಯಿತು.

ಆಗ ನಗು ಕೇಳಿಸಿತು. ಬೇಡಪ್ಪ ಮೂಟೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಆ ಬೀದಿ ಅವನ ನಗು ಕೇಳಿದ್ದು ಅದೇ ಮೊದಲು.

“ತಪ್ಪಾಯ್ತು ಅಣ್ಣಾ,” ಎಂದಳು ಟೈಲರಮ್ಮ. “ಬೇಕಂತಲೇ ನಿಮಗೆ ಎರಡೂ ಬಿಳಿ ಕೊಟ್ಟೆ. ಈ ಸಲ ನೀವು ಕಪ್ಪು ಹಾಕಬಾರ್ದು ಅಂತ.”

ಬೇಡಪ್ಪ ಜೇಬಿನಲ್ಲಿ ಉಳಿದಿದ್ದ ಬಿಳಿ ಗುಂಡಿ ತೆಗೆದ. ಕೋಟಿನ ಕೆಳಗಿನ ಖಾಲಿ ಜಾಗಕ್ಕೆ ಹಿಡಿದು ನೋಡಿದ. ಇನ್ನೂ ಜೋರಾಗಿ ನಕ್ಕ. ಬೇಕರಿಯವರು ಮೆಲ್ಲಗೆ ಹೊಟ್ಟೆಯ ಗುಂಡಿಗಳನ್ನು ಕೈಯಿಂದ ಮುಚ್ಚಿಕೊಂಡರು.

“ಇದು ಒಪ್ಪಲ್ಲ ತಂಗೀ. ಪ್ರತಿ ವರ್ಷ ನನ್ನ ಜೇಬಲ್ಲಿ ಉಳಿಯೋದು ಕಪ್ಪು. ಕೋಟಿಗೆ ಕೊನೇದೊಂದು ಬೇಕಿತ್ತು, ಈ ಸಲ ಅದಕ್ಕೂ ಕಲ್ಲು ಹಾಕಿಬಿಟ್ಟೆಯಲ್ಲ.”