ಬೂದಿ ತೊಡೆಯೇರಿದ ಸಂಜೆ

ದೊಡ್ಡವರ ಬಂಗಲೆಯ ಸಂಗತಿ ಇದು. ಹೇಳಹೊರಟದ್ದು ಅಧಿಕಪ್ರಸಂಗವೆನಿಸಿದರೆ ಮನ್ನಿಸಬೇಕು.

ಮಂತ್ರಿಗಳಿಗೆಲ್ಲ ಅವರಂತೆಯೇ ನಡೆದಾಡುವ, ಭಾಷಣ ಮಾಡುವ ಗೊಂಬೆಗಳು ಬಂದ ಮೇಲೆ, ಎದುರಿಗಿರುವವರು ಮನುಷ್ಯರೇ ಎಂದು ತಿಳಿಯಲು ಜನ ಬೆಕ್ಕನ್ನು ನಂಬುತ್ತಿದ್ದರು. ಮಂತ್ರಿ ಭುಜಂಗಪ್ಪನವರ ಸರ್ಕಾರಿ ಬಂಗಲೆಯ ಬೆಕ್ಕು ಬೂದಿ, ಗೊಂಬೆಯ ತಣ್ಣನೆಯ ತೊಡೆಯ ಮೇಲೆ ಕೂರುತ್ತಿರಲಿಲ್ಲ. ಹಾಗಾಗಿ ಟಿವಿಯವರ ಕ್ಯಾಮೆರಾಗಳೆಲ್ಲ ಅದರ ಮೇಲೆಯೇ.

ಆ ಸಂಜೆ ಮಂತ್ರಿಗಳು, “ಅಣೆಕಟ್ಟೆ ನೀರು ಬಿಡ್ತಿದ್ದೀವಿ, ಹೊಳೆದಂಡೆಯವರು ಕತ್ತಲಾಗೋದ್ರೊಳಗೆ ಮೇಲಕ್ಕೆ ಹೋಗಬೇಕು” ಎಂದರು. ಬೂದಿ ಅವರ ಮಂಡಿ ಮೂಸಿ, ಮುಖ ತಿರುಗಿಸಿ ಹೊರಟುಹೋಯಿತು.

“ಗೊಂಬೆ ಕಣ್ರಪ್ಪ, ನಡೀರಿ” ಎಂದು ವರದಿಗಾರನೊಬ್ಬ ನಕ್ಕ.

ಗೊಂಬೆಯಲ್ಲವೆಂದು ಅಡುಗೆಯ ಪುಟ್ಟನಂಜಮ್ಮನಿಗೆ ಗೊತ್ತಿತ್ತು. ಮಧ್ಯಾಹ್ನ ಆ ಮಂಡಿಗಳಿಗೆ ನೀಲಗಿರಿ ಎಣ್ಣೆ ತಿಕ್ಕಿದವಳು ಅವಳೇ. ಅವಳ ಅಕ್ಕನ ಮನೆ ಇದ್ದದ್ದೂ ಹೊಳೆದಂಡೆಯಲ್ಲಿ. ಬೆಕ್ಕು ಕೂತದ್ದನ್ನು ಟಿವಿಯಲ್ಲಿ ಕಾಣದೆ ಅಕ್ಕ ಅಲ್ಲಾಡುವವಳಲ್ಲ.

ಪುಟ್ಟನಂಜಮ್ಮ ಒಲೆಯ ಪಕ್ಕದಲ್ಲಿ ಬೂದಿ ಮಲಗುವ ಹಳೆಯ ಕಂಬಳಿ ತಂದು ಮಂತ್ರಿಗಳ ತೊಡೆಗೆ ಹೊದಿಸಿದಳು.

“ಏನಮ್ಮ ಇದು, ನಂಗೇನು ಚಳಿಯಾ?”

“ಸುಮ್ಕೆ ಕೂತ್ಕಳಿ ಬುದ್ಧಿ. ಎಣ್ಣೆ ವಾಸನೆ ಬೂದಿಗಾಗಲ್ಲ.”

ಬೂದಿ ಮರಳಿ ಬಂತು, ಕಂಬಳಿಯ ಮೇಲೆ ಒಂದು ಸುತ್ತು ಹಾಕಿ ಕೂತು ಗುರುಗುಟ್ಟತೊಡಗಿತು. ಕ್ಯಾಮೆರಾಗಳೆಲ್ಲ ಹತ್ತಿರ ಸರಿದವು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು. “ಬೂದಿ ಕೂತ್ಕಂಡದ್ದು ನೋಡ್ದೆ ಕಣೆ, ಹೊರಟ್ವಿ. ಕೋಳಿಗಳ್ನೂ ಎತ್ಕಂಡಿದೀವಿ.”

ಪುಟ್ಟನಂಜಮ್ಮ ನೆಮ್ಮದಿಯಿಂದ ಬೂದಿಗೆ ಹಾಲು ಬಿಸಿಮಾಡಿದಳು. ಆ ಕಂಬಳಿ ಹೊದಿಸಿದರೆ ಬೂದಿ ಗೊಂಬೆಯ ತೊಡೆಯ ಮೇಲೂ ಕೂರುತ್ತಿತ್ತೇ ಎಂಬುದು ಮಾತ್ರ ಗೊತ್ತಿಲ್ಲ. ಅವಳು ಹೊದಿಸಿ ನೋಡಲೂ ಇಲ್ಲ.