ಗೆದ್ದೋರ ಕೈಗೆ ಗಣೆ

ನಂಗಾಗ ಹನ್ನೊಂದು ವರ್ಷ, ಎಪ್ಪತ್ತು ವರ್ಷದ ಹಿಂದಿನ ಮಾತು. ಇವತ್ತು ಸೊಸೆ ಮೀನು ತೊಳೆಯುವಾಗ ಕೆರೆ ಕೆಸರಿನ ವಾಸನೆ ಬಂತು, ಅದಕ್ಕೇ ಬರೀತಿದೀನಿ.

ಮುನಿಯ, ಕೆಂಪ, ಹುಡುಗಿ ಅಂತ ನಾನೊಬ್ಬಳು, ಮೂವರೂ ಜೊತೆಗಾರರು. ಮಧುರೆ ಹತ್ರ ನಮ್ಮೂರ ಕೆರೇಲಿ ಬಾಳೆದಿಂಡಿನ ತೆಪ್ಪ ಬಿಟ್ಟಿದ್ವಿ. ಗಾಳಿಗೆ ಓಡಲಿ ಅಂತ ತಾತನ ಹರಕು ಪಂಚೇನ ಹಾಯಿ ಮಾಡಿ ಕಟ್ಟಿದ್ವಿ. ದಿಂಡು ಲೋಳೆಲೋಳೆ, ಕೂತರೆ ಜಾರೋದು. ದೊಡ್ಡ ಮೀನು ಹಿಡಿದೋರಿಗೆ ಮಾರನೇ ದಿನ ತೆಪ್ಪ ನಡೆಸೋ ಬಿದಿರು ಗಣೆ, ಇದು ನಾವೇ ಮಾಡ್ಕೊಂಡಿದ್ದ ಕಟ್ಟಳೆ. ನನ್ನ ಕೈಗೆ ಗಣೆ ಒಂದು ದಿನವೂ ಬಂದಿರಲಿಲ್ಲ.

ಆ ಮಧ್ಯಾಹ್ನ ಜೊಂಡಿನ ಹತ್ರ ಕೊರವ ಮೀನಿನ ಕೆಂಪು ಮರಿಗಳು ಗುಂಪಾಗಿ ಆಡ್ತಿದ್ವು. ಮರಿ ಇದ್ದಲ್ಲಿ ತಾಯಿ ಕಾವಲಿರುತ್ತೆ. ಹುಡುಗರು ಎರೆಹುಳ ಬಿಟ್ಕೊಂಡು ಕೂತಿದ್ರು. ನಾನು ಗಾಳಕ್ಕೆ ಕಪ್ಪೆ ಸಿಕ್ಕಿಸಿ ಮರಿಗಳ ಮಧ್ಯಕ್ಕೇ ಇಳಿಸಿದೆ. ತಾಯಿ ರೊಚ್ಚಿಗೆದ್ದು ಕಚ್ತು. ಎಳೆದು ತೆಪ್ಪಕ್ಕೆ ಹಾಕಿದೆ, ಮೊಳದುದ್ದ ಇತ್ತು, ಅವತ್ತಿಗೆ ಅದೇ ದೊಡ್ಡದು.

"ಹುಡುಗಿ ಹಿಡಿದಿದ್ದು ಲೆಕ್ಕಕ್ಕಿಲ್ಲ ಕಣೇ" ಅಂದ ಮುನಿಯ.

"ಹಂಗಾದ್ರೆ ಈ ಮೀನಿನ ಸಾರಿಗೆ ಬಟ್ಲು ಹಿಡ್ಕೊಂಡು ಬರಬೇಡ ಕಣ್ಲಾ" ಅಂದೆ. ಕೆಂಪ ನಕ್ಕೂ ನಕ್ಕೂ ನೀರಿಗೆ ಬಿದ್ದ.

ಸಂಜೆ ಮುನಿಯ ಬಟ್ಲು ಹಿಡ್ಕೊಂಡೇ ಬಂದ, ನಾಳೆ ನಾನು ಗಣೆ ಹಿಡಿಯೋ ವಿಷಯಾನ ನಮ್ಮಜ್ಜಿಗೆ ಚಾಡಿನೂ ಹೇಳ್ದ. ಅಜ್ಜಿ ಮೀನಿನ ತಲೆ ಚೀಪ್ತಾ, "ಮೈನೆರೆಯೋ ವಯಸ್ಸು, ಗಣೆ ನಿಂಗ್ಯಾಕೇ? ನಾಳೆಯಿಂದ ತೆಪ್ಪ ಹತ್ತಿದ್ರೆ ಕಾಲು ಮುರೀತೀನಿ" ಅಂದ್ಲು. ಮುನಿಯ ಇನ್ನೊಂದು ತುಂಡು ಹಾಕಿಸ್ಕೊಂಡ.

ಮಾರನೇ ಬೆಳಿಗ್ಗೆ ಅಂಗಳ ಗುಡಿಸೋದು ಬಿಟ್ಟು ಕೆರೆಗೆ ಹೋದೆ. ತೆಪ್ಪ ಹತ್ತಿ, ಗಣೆ ಊರಿ ನಿಂತು, ದಡದಲ್ಲಿದ್ದ ಇಬ್ಬರಿಗೂ ಕೂಗಿ ಹೇಳಿದೆ: "ಬರೋ ಹಂಗಿದ್ರೆ ಹತ್ಕೊಳ್ರಲಾ, ನಾನು ಹೊರಟೆ."