ಬೂದಿಯಲ್ಲಿ ಸಿಕ್ಕಿದ್ದು

ಅಮ್ಮನ ಅಸ್ಥಿ ಆಯಲು ನಾವು ಮೂವರು ಹೋಗಿದ್ದೆವು. ನಾನು, ಅಪ್ಪ, ಅಮ್ಮನ ಅಣ್ಣನಾದ ಸೋದರಮಾವ. ಅಪ್ಪ ಮಡಕೆ ಹಿಡಿದು ನಿಂತಿದ್ದರು. ನನಗೆ ಅಳು ಬರಲಿಲ್ಲ. ಬೂದಿ ಇನ್ನೂ ಬೆಚ್ಚಗಿದೆ ಎಂದಷ್ಟೇ ಅನ್ನಿಸಿತು.

ಸ್ಮಶಾನದ ಆಳು ಬೂದಿಯಿಂದ ಉದ್ದನೆಯ ಸ್ಟೀಲ್ ರಾಡೊಂದನ್ನು ಎತ್ತಿ ಪಕ್ಕಕ್ಕಿಟ್ಟ.

"ತೊಡೇದು," ಎಂದೆ. "ಹೋದ ವರ್ಷ ಮೂಳೆ ಮುರಿದು ಆಪರೇಷನ್ ಆಗಿತ್ತು."

ಬಚ್ಚಲಲ್ಲಿ ಜಾರಿದಳು ಎಂದು ಆಗ ಅಪ್ಪ ಫೋನ್ ಮಾಡಿದ್ದರು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಹೇಳಿದ್ದರು. ಅಮ್ಮ ವಾಕರ್ ಬಿಟ್ಟು ನಡೆಯುತ್ತಲೂ ಇದ್ದಳು.

ಆಳು ಮತ್ತೆ ಕೆದಕಿದ. ಈ ಸಲ ಬೆರಳುದ್ದದ ಪ್ಲೇಟೊಂದು ಸಿಕ್ಕಿತು. ಸ್ಕ್ರೂಗಳು ಅದಕ್ಕೇ ಅಂಟಿಕೊಂಡಿದ್ದವು.

"ಇದು ನಮ್ಮದಲ್ಲ. ಅಮ್ಮನಿಗೆ ಆಗಿದ್ದು ಒಂದೇ ಆಪರೇಷನ್ನು. ಬೇರೆಯವರ ಬೂದಿ ಬೆರೆತಿರಬೇಕು."

"ಬೆರೆತಿಲ್ಲ ಸಾಮಿ. ಇಲ್ಲಿ ಸುಟ್ಟಿದ್ದು ಇವರೊಬ್ಬರನ್ನೇ."

ನಾನು ಅಪ್ಪನ ಕಡೆ ತಿರುಗಿದೆ. ಅವರು ಮಡಕೆಯೊಳಗೆ ನೋಡುತ್ತಿದ್ದರು.

"ಅದೂ ಅವಳದೇ ಕಣೋ. ಎಡಗೈದು," ಎಂದರು ಮಾವ. "ನೀನಿನ್ನೂ ಹುಟ್ಟಿರಲಿಲ್ಲ."

ಅಮ್ಮನ ಎಡಗೈಯಲ್ಲಿ ಉದ್ದನೆಯ ಕಲೆಯೊಂದಿತ್ತು. ಕುಕ್ಕರ್ ತಾಗಿ ಸುಟ್ಟಿದ್ದು ಎನ್ನುತ್ತಿದ್ದಳು.

"ಕೈ ಹೇಗೆ ಮುರೀತು ಮಾವ?"

ಮಾವ ಅಪ್ಪನ ಕೈಯಿಂದ ಮಡಕೆ ತೆಗೆದುಕೊಂಡರು.

"ಆಗಲೂ ನಿಮ್ಮಪ್ಪ ಹೇಳಿದ್ದು ಅದನ್ನೇ. ಬಚ್ಚಲಲ್ಲಿ ಜಾರಿದಳು ಅಂತ."